ಅತ್ತೆಯ ತವರಿನ ನೀರು

ಜನವರಿ 6, ಸೋಮವಾರ. ಬೇಲೂರು

ಇಂದು ಬೆಳಿಗ್ಗೆ ಪಕ್ಕದ ಮನೆಯವರಿಗೆ ನನ್ನ ಪರಿಚಯ ಹೀಗಾಯಿತು: "ನಮ್ ಸೊಸೆ ಹೇಮಾಶ್ರೀ ಭೂವಿಜ್ಞಾನಿ ಕಣ್ರೀ. ಬೂವ ಬೇಯ್ಸೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬತ್ತದೆ."

ಹೇಳಿದವರು ನನ್ನ ಅತ್ತೆ ವೆಂಕಟಲಕ್ಷ್ಮಮ್ಮನವರು. ನಾನು ಒಳಗೆ ಅನ್ನದ ಪಾತ್ರೆಯ ತಳ ಕೆರೆಯುತ್ತಿದ್ದೆ. ತಳ ಹಿಡಿದದ್ದು ನಿಜ. ಕೆಳಗೆ ಕಪ್ಪು, ನಡುವೆ ಕಂದು, ಮೇಲೆ ಬಿಳಿ. ಶಿಲಾಪದರಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

ಅದಕ್ಕೇ ಈ ದಿನಚರಿ. ಬಾಯಿಗೆ ಬಂದದ್ದನ್ನು ಬಾಯಲ್ಲೇ ತಡೆದು ಇಲ್ಲಿ ಇಳಿಸುವುದು. ಮಧು ಬೀದರಿನಲ್ಲಿ ದನದ ಡಾಕ್ಟರು, ಬರುವುದು ತಿಂಗಳಿಗೊಮ್ಮೆ. ಮಿಕ್ಕ ದಿನ ಈ ಮನೆಯಲ್ಲಿ ಇಬ್ಬರೇ: ಹೈಕಮಾಂಡ್ ಮತ್ತು ನಾನು. ಮದುವೆಯಾದದ್ದು ಮಧುವನ್ನು, ಸಂಸಾರ ನಡೆಯುತ್ತಿರುವುದು ಅವನ ತಾಯಿಯ ಜೊತೆ. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಲು ಜಗತ್ತೇ ಬಸ್ಸು ಮಾಡಿಕೊಂಡು ಬರುತ್ತದೆ. ಈ ಊರಿನ ಏಕೈಕ ಜೀವಂತ ಶಿಲಾಬಾಲಿಕೆಯನ್ನು ಮಾತ್ರ ಮನೆಯವರೇ ತಿರುಗಿ ನೋಡುವುದಿಲ್ಲ.

ನನ್ನ ಕೆಲಸವನ್ನೂ ಬರೆದಿಡುತ್ತೇನೆ, ಮುಂದೆ ಮರೆತುಹೋದರೆ. ಅರಸೀಕೆರೆ, ಬೇಲೂರು ಕಡೆಯ ಬಾವಿ ಬೋರುಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಅದು ಯಾವ ಕಲ್ಲಿನಿಂದ ಕರಗಿ ಬರುತ್ತಿದೆ ಎಂದು ನೋಡುವುದು. ಪಿಎಚ್ ನೋಡುತ್ತ ನೋಡುತ್ತ ಪಿಎಚ್‌ಡಿ ಮುಗಿಯಬೇಕು.

ನೀರಿನ ವಿಷಯದಲ್ಲಿ ಹೈಕಮಾಂಡಿನ ಸಂಶೋಧನೆ ನನಗಿಂತ ಮೊದಲೇ ಮುಗಿದಿದೆ. ಜಾವಗಲ್ಲಿನ ಆಚೆ ಹಾರುಗಲ್ಲಹಳ್ಳಿ ಅವರ ತವರು. ಅವರ ಅಪ್ಪ ಬಂಡೆ ಸಿಡಿಸಿ ತೋಡಿಸಿದ ಬಾವಿ ಅಲ್ಲಿದೆ. ಅವರ ತಮ್ಮ ಚನ್ನಪ್ಪ ಮಾವ ಅಲ್ಲಿಂದ ಕ್ಯಾನಿನಲ್ಲಿ ನೀರು ತುಂಬಿ ಬಸ್ಸಿಗೆ ಹಾಕುತ್ತಾರೆ, ಕಂಡಕ್ಟರು ಇಲ್ಲಿ ಇಳಿಸುತ್ತಾನೆ. ಅತ್ತೆ ಕುಡಿಯುವುದು ಅದೊಂದನ್ನೇ. ಈ ಮನೆಗೆ ಬಂದ ವಾರದಲ್ಲಿ ಬಾಯಾರಿ ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ್ದೆ. "ಅದು ಬ್ಯಾಡ ಕಣೇ, ಅದು ತವರಿಂದು. ನೀನು ನಲ್ಲಿ ನೀರು ಕುಡಿ" ಎಂದು ಕೈ ಸರಿಸಿದರು. ನೀರು ಕುಡಿದಷ್ಟು ಸುಲಭ ಎಂಬ ಮಾತು ಹುಟ್ಟಿದ್ದು ಈ ಮನೆಯಲ್ಲಂತೂ ಅಲ್ಲ.

ಜನವರಿ 9, ಗುರುವಾರ

ಊಟದ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಪ್ರಶ್ನೆ.

"ಊರೂರು ಬಾವಿ ನೀರೆಲ್ಲ ತುಂಬ್ಕಂಡ್ ಬತ್ತೀಯಲ್ಲ, ನಮ್ಮಪ್ಪನ ಬಾವಿ ನಿನ್ ಕಣ್ಣಿಗೆ ಬೀಳ್ನಿಲ್ವಾ?"

"ಅಲ್ಲಿಗೆ ಇನ್ನೂ ಹೋಗಿಲ್ಲ ಅತ್ತೆ. ಮುಂದಿನ ಸುತ್ತಿನಲ್ಲಿ..."

"ಮುಂದ್ಲದು ಹಿಂದ್ಲದು ಬ್ಯಾಡ. ಸಂಕ್ರಾಂತಿಗೆ ನಾನೇ ಹೋಯ್ತಾ ಇವ್ನಿ. ಬಾಟ್ಲಿ ಕೊಡು. ಅಂಥಾ ನೀರು ನಿನ್ ನಕ್ಷೇಲಿ ಇಲ್ದಿದ್ರೆ ನಿನ್ ಪುಸ್ತಕಕ್ಕೇ ಅವಮಾನ."

ಕೊಟ್ಟೆ. ಹೇಗೆ ತುಂಬಬೇಕೆಂದೂ ಹೇಳಿಕೊಟ್ಟೆ: ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು, ಕಂಠಪೂರ್ತಿ ತುಂಬಬೇಕು, ಗಾಳಿ ಉಳಿಯಬಾರದು, ಊರಿನ ಹೆಸರು ಬರೆದು ಅಂಟಿಸಬೇಕು. ವ್ರತದ ವಿಧಾನ ಕೇಳುವವರಂತೆ ಕೈ ಕಟ್ಟಿಕೊಂಡು ಕೇಳಿದರು. ನನ್ನ ಮಾತನ್ನು ಅವರು ನಡುವೆ ತುಂಡರಿಸದೆ ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಜನವರಿ 16, ಗುರುವಾರ

ಸವಾರಿ ಹಿಂತಿರುಗಿತು. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಹಸಿರು ರವಿಕೆ ಕಣದಲ್ಲಿ ಸುತ್ತಿದ ನನ್ನ ಬಾಟಲಿ. ಮುಚ್ಚಳದ ಮೇಲೆ ಅರಿಸಿನ, ಕುಂಕುಮ. ಮಡಿಲಕ್ಕಿಯ ನಾಲ್ಕು ಕಾಳು ಅಂಟಿನ ಜೊತೆ ಸೇರಿಕೊಂಡಿವೆ. ಇಷ್ಟು ಮುತ್ತೈದೆಯಾದ ಮಾದರಿ ನಮ್ಮ ಪ್ರಯೋಗಾಲಯಕ್ಕೆ ಈವರೆಗೆ ಬಂದಿಲ್ಲ.

"ನೀವೇ ತುಂಬಿದ್ರಾ ಅತ್ತೆ?"

"ಅಂಕಮ್ಮ ಬಿಟ್ಟಾಳಾ? 'ನೀವು ಕೂತ್ಕಳಿ ಅತ್ಗೆ, ನಾನ್ ತುಂಬ್ಸ್ಕಂಡ್ ಬತ್ತೀನಿ' ಅಂತ ಬಾಟ್ಲಿ ಕಿತ್ಕಂಡ್ ಹೋದ್ಲು. ನನ್ನನ್ನ ಒಂದ್ ಲೋಟ ಎತ್ತೋಕೂ ಬಿಡಲ್ಲ ಅವ್ಳು. ತಮ್ಮನ ಹೆಂಡ್ತಿ ಅಂದ್ರೆ ಹಂಗಿರ್ಬೇಕು."

ಕೊನೆಯ ವಾಕ್ಯದ ಹೊತ್ತಿಗೆ ಕಣ್ಣು ನನ್ನ ಮೇಲಿತ್ತು. ಬಾಣ ತಗುಲಿತು ಎಂದು ತಲೆಯಾಡಿಸಿದೆ.

ಜನವರಿ 24, ಶುಕ್ರವಾರ

ಹಾಸನದಲ್ಲಿ ಪರೀಕ್ಷೆ ಮುಗಿಯಿತು. ಹಾರುಗಲ್ಲಹಳ್ಳಿಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಲವಣವೂ ಇಲ್ಲ. ಸುತ್ತಲಿನ ಎಲ್ಲ ಹಳ್ಳಿಗಳ ನಡುವೆ ಅದೊಂದೇ ಊರು ಪುಣ್ಯಾತ್ಮ.

ಸಂಜೆ ಅತ್ತೆಗೆ ಹೇಳಿದೆ. ಕೂಡಲೇ ಗಸಗಸೆ ಪಾಯಸಕ್ಕೆ ಒಲೆ ಹತ್ತಿತು. ತಮ್ಮನಿಗೆ ಫೋನು ಹೋಯಿತು: "ಚನ್ನ, ನಮ್ಮಪ್ಪನ ಬಾವಿ ಫಸ್ಟ್ ಕ್ಲಾಸ್ ಪಾಸಾಯ್ತು ಕಣೋ!" ಪಾಯಸ ಬಡಿಸುತ್ತಾ ನಕ್ಕರು. ನಗುವಾಗ ಎಂದಿನಂತೆ ಸೆರಗು ಬಾಯಿಗೆ ಬಂತು. ಆದರೆ ಇಂದು ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪಾತ್ರೆ ಇದ್ದುದರಿಂದ ಸೆರಗು ಅರ್ಧದಲ್ಲೇ ಜಾರಿತು. ಹಲ್ಲು ಕಂಡವು. ಕಂದು ಪಟ್ಟೆ, ಸಣ್ಣ ಸಣ್ಣ ಕುಳಿ. ಎಲೆಅಡಿಕೆಯದಲ್ಲ, ಅತ್ತೆ ಅದನ್ನು ಹಾಕುವುದಿಲ್ಲ.

ಇಂಥ ಹಲ್ಲುಗಳನ್ನು ನಾನು ಹಳ್ಳಿ ಹಳ್ಳಿಯಲ್ಲಿ ನೋಡಿದ್ದೇನೆ. ಮಕ್ಕಳಿದ್ದಾಗ, ಹಲ್ಲು ಇನ್ನೂ ಒಸಡಿನೊಳಗೆ ಕಟ್ಟಿಕೊಳ್ಳುತ್ತಿರುವಾಗ, ಫ್ಲೋರೈಡ್ ಹೆಚ್ಚಿರುವ ನೀರು ಕುಡಿದರೆ ಹೀಗಾಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅತ್ತೆ ಹುಟ್ಟಿ ಬೆಳೆದು ಮದುವೆಯಾಗುವವರೆಗೆ ಕುಡಿದದ್ದು ಆ ಬಾವಿಯ ನೀರೊಂದನ್ನೇ.

ಪಾಸಾದ ಬಾವಿ ಒಂದು ಕಥೆ ಹೇಳುತ್ತಿದೆ, ಅತ್ತೆಯ ಹಲ್ಲು ಇನ್ನೊಂದು. ದಂತಕಥೆಯನ್ನು ನಂಬಬಾರದು ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಈ ದಂತಕಥೆಯನ್ನು ನಂಬದೆ ಗತಿಯಿಲ್ಲ.

ಜನವರಿ 25, ಶನಿವಾರ

ಅತ್ತೆ ದೇವಸ್ಥಾನಕ್ಕೆ ಹೋದಾಗ ಕಳ್ಳಿಯಂತೆ ತವರಿನ ಕ್ಯಾನು ತೆರೆದೆ. ಪೆನ್ನಿನಂಥ ಒಂದು ಸಣ್ಣ ಮಾಪಕ ನನ್ನ ಬಳಿ ಇದೆ. ನೀರಿಗೆ ಅದ್ದಿದರೆ ಅದರಲ್ಲಿ ಕರಗಿರುವ ಲವಣವೆಲ್ಲ ಸೇರಿ ಎಷ್ಟೆಂದು ತೋರಿಸುತ್ತದೆ. ಅದ್ದಿದೆ. ಬಾಟಲಿಯದಷ್ಟೇ ತೋರಿಸಿತು, ಹೆಚ್ಚುಕಡಿಮೆ ಸೊನ್ನೆ.

ಕಲ್ಲಿನ ಸಂದಿಯಲ್ಲಿ ಹರಿದು ಬಂದ ನೀರು ಕಲ್ಲಿನಿಂದ ಏನನ್ನಾದರೂ ಕೇಳಿ ಪಡೆದೇ ಬರುತ್ತದೆ. ಯಾವ ಬಂಡೆಯೂ ಇಷ್ಟು ಜಿಪುಣ ಅಲ್ಲ. ಈ ನೀರು ಬಾವಿಯಿಂದ ಬಂದದ್ದಲ್ಲ, ಯಂತ್ರದಿಂದ ಬಂದದ್ದು.

ಫೆಬ್ರವರಿ 2, ಭಾನುವಾರ

ಬೇರೆ ಊರಿನ ಮಾದರಿ ತರಬೇಕೆಂದು ಹೇಳಿ ಹೊರಟವಳು ಜಾವಗಲ್ಲಿನಲ್ಲಿ ಆಟೋ ಹಿಡಿದು ಹಾರುಗಲ್ಲಹಳ್ಳಿಗೇ ಹೋದೆ. ಚನ್ನಪ್ಪ ಮಾವ ತೋಟದಲ್ಲಿದ್ದರು. ಅವರ ಹೆಂಡತಿ ಅಂಕಮ್ಮತ್ತೆ ಜಗಲಿಯ ಮೇಲೆ ಚಾಪೆ ಹಾಸಿ, ಹಿತ್ತಾಳೆ ಚೊಂಬಿನಲ್ಲಿ ನೀರು, ಬೆಲ್ಲ ತಂದಿಟ್ಟರು. ಮಾಪಕವನ್ನು ಚೊಂಬಿಗೇ ಅದ್ದಿಬಿಟ್ಟೆ. ಮತ್ತೆ ಅದೇ ಸೊನ್ನೆ.

"ಅಂಕಮ್ಮತ್ತೆ, ಇದು ಬಾವಿ ನೀರಾ?"

"ಅಯ್ಯೋ, ನೆಂಟ್ರಿಗೆ ಬಾವಿ ನೀರ್ ಕೊಡ್ತಾರಾ? ಇದು ಫಿಲ್ಟರ್ ನೀರು ಕಣವ್ವಾ. ಊರ ಮುಂದೆ ಫಿಲ್ಟರ್ ಮನೆ ಮಾಡವ್ರಲ್ಲ, ಅಲ್ಲಿಂದು."

"ಮತ್ತೆ ಅವತ್ತು ಬಾಟಲಿಗೆ ತುಂಬಿದ್ದು?"

"ಅದೂವೆ ಇದೇಯ. ಪರೀಕ್ಷೆಗೆ ಹೋಗೋ ನೀರು! ಹೆಣ್ ನೋಡಾಕ್ ಬಂದೋರ್ ಮುಂದೆ ಹುಡ್ಗೀನ ಮಾಸಿದ್ ಸೀರೇಲಿ ನಿಲ್ಸ್ತಾರಾ? ನಮ್ಮೂರ ಮರ್ವಾದೆ ಅಲ್ವಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವರಪರೀಕ್ಷೆ, ವಧುಪರೀಕ್ಷೆ ಗೊತ್ತಿತ್ತು. ನೀರಿಗೂ ಸಿಂಗಾರ ಮಾಡಿ ಪರೀಕ್ಷೆಗೆ ಕೂರಿಸುವ ಊರಿದೆ ಎಂದು ಯಾವ ಪಠ್ಯಪುಸ್ತಕವೂ ಎಚ್ಚರಿಸಿರಲಿಲ್ಲ.

"ಬೇಲೂರಿಗೆ ಕಳಿಸೋ ಕ್ಯಾನು?"

ಅಂಕಮ್ಮತ್ತೆ ಸೆರಗಿನ ತುದಿ ತಿರುಚುತ್ತ ನಿಂತರು. "ಅದೂ ಫಿಲ್ಟರ್‌ದೇ. ಫಿಲ್ಟರ್ ಬಂದಾಗ್ಲಿಂದ ಹಂಗೇಯ. ಅತ್ಗೆ ದೊಡ್ಡೋರು, ಪ್ಯಾಟೆ ಸೇರ್ದೋರು. ಈ ಪಾಚಿ ಬಾವಿ ನೀರ್ನ ಅವ್ರಿಗೆ ಹೆಂಗ್ ಕಳಿಸಾದು? ಇಲ್ಲಿಗ್ ಬಂದ್ರೂ ಅದ್ನೇ ಕೊಡ್ತೀನಿ. ಮರ್ವಾದೆಗೆ ಕಣವ್ವಾ. ಅವ್ರಿಗ್ ಮಾತ್ರ ಹೇಳ್ಬ್ಯಾಡ, ನಿನ್ ಕಾಲ್ಗೆ ಬೀಳ್ತೀನಿ."

"ಮನೆಯವರು ಏನು ಕುಡಿಯೋದು?"

"ನಾವು ಮನೆಯೋರಲ್ವಾ? ನಮಗೆ ಬಾವೀದೇಯ."

ಅಷ್ಟರಲ್ಲಿ ಅವರ ಮೊಮ್ಮಗಳು ಚೈತನ್ಯ ಆಡಿ ಬೆವತು ಬಂದಳು. ನಾಲ್ಕು ವರ್ಷದವಳು. ಒಳಗೆ ಓಡಿ, ಅಡುಗೆಮನೆಯ ಹರವಿಗೆ ಲೋಟ ಮುಳುಗಿಸಿ, ಗಟಗಟನೆ ಕುಡಿದು, ಗಲ್ಲ ಒರೆಸಿಕೊಂಡು ನನ್ನನ್ನು ನೋಡಿ ನಕ್ಕಳು. ಅಕ್ಕಿಯ ಕಾಳಿನಂಥ ಹಾಲುಹಲ್ಲು. ಮುಂದೆ ಬರಬೇಕಾದ ಹಲ್ಲುಗಳು ಒಳಗೆ ಕಟ್ಟಿಕೊಳ್ಳುತ್ತಿರುವ ವಯಸ್ಸು ಇದೇ.

ಬಾವಿಗೆ ಹೋಗಿ ಈ ಸಲ ನಾನೇ ಹಗ್ಗ ಬಿಟ್ಟು ನೀರು ಸೇದಿ, ಬಾಟಲಿ ತುಂಬಿಸಿದೆ. ಅರಿಸಿನ ಕುಂಕುಮ ಇಲ್ಲ.

ಫೆಬ್ರವರಿ 6, ಗುರುವಾರ

ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಹಾರುಗಲ್ಲಹಳ್ಳಿಯ ಬಾವಿಯಲ್ಲಿ ನಾಲ್ಕರ ಹತ್ತಿರ ಇದೆ.

ಗೈಡ್ ಉಮಾಶಂಕರ್ ಸರ್ ಹೇಳಿದರು, "ಮೊದಲಿನ ಅಂಕಿ ಹೊಡೆದುಹಾಕಮ್ಮ, ಹೊಸದು ಬರಿ. ಮನೆಯವರಿಗೆ ಇವತ್ತೇ ತಿಳಿಸು." ಸರಿ ಎಂದು ಚನ್ನಪ್ಪ ಮಾವನಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿದ ಮೇಲೆ ಆ ಕಡೆ ಒಂದು ನಗು.

"ಆ ಬಾವಿ ತೋಡ್ಸುವಾಗ ಬಂಡೆ ಸಿಡ್ದು ನಮ್ಮಪ್ಪನ ಕೈಯ ಎರಡು ಬೆಳ್ಳು ಹೋಯ್ತು ಕಣಮ್ಮ. ನೀನು ಮೊನ್ನೆ ಬಂದ್ ಸೊಸೆ. ನೀನ್ ಹೇಳ್ದೆ ಅಂತ ಆ ನೀರ್ನ ಕುಡೀದಂಗೆ ಬಿಟ್ರೆ ಊರೋರು ಏನಂದಾರು? ನಮ್ಮಕ್ಕ ಬಂದು ಹೇಳ್ಲಿ. ಅಕ್ಕ ಬ್ಯಾಡ ಅಂದ್ರೆ ಅವತ್ತೇ ಬಿಡ್ತೀನಿ. ಅದು ನನಗಿಂತ ಅವ್ಳಿಗೇ ಪ್ರಾಣ."

ಹೀಗಿದೆ ವಿಷಯ. ಆ ಮಗುವಿನ ನೀರು ಬದಲಾಗಬೇಕಾದರೆ ಅತ್ತೆ ತಮ್ಮ ತವರಿನ ಬಾವಿಗೆ ತಾವೇ ಹೆಸರಿಡಬೇಕು. ಅವರು ಹಾಗೆ ಮಾಡಬೇಕಾದರೆ ಬಾಟಲಿಯ ನೀರು ಬಾವಿಯದಲ್ಲ ಎಂದು ನಾನು ಹೇಳಬೇಕು. ಅಷ್ಟು ಹೇಳಿದರೆ ಕ್ಯಾನಿನ ಮಾತೂ ಬರುತ್ತದೆ.

ಹೈಕಮಾಂಡಿನ ನೀರಿಳಿಸುವ ಅವಕಾಶಕ್ಕೆ ಎಂಟು ತಿಂಗಳಿನಿಂದ ಕಾದಿದ್ದೆ. ಈಗ ಕೈಯಲ್ಲಿದೆ. ಬೇಡವಾಗಿದೆ.

ಫೆಬ್ರವರಿ 8, ಶನಿವಾರ

ಹೇಳಲಿಲ್ಲ.

ಫೆಬ್ರವರಿ 9, ಭಾನುವಾರ

ಇಂದೂ ಇಲ್ಲ. ಹೇಳಬೇಕೆಂದು ಅಡುಗೆಮನೆಗೆ ಹೋದವಳಿಗೆ ಮುದ್ದೆ ತಿರುವುವ ಪಾಠವಾಯಿತು. "ಕೋಲು ಹಿಡ್ದಿರೋದ್ ನೋಡು, ಪೆನ್ಸಿಲ್ ಹಿಡ್ದಂಗೆ! ಗಟ್ಟಿಯಾಗ್ ಹಿಡಿಯೇ. ಮುದ್ದೆ ಏನು ಕಚ್ಚಲ್ಲ." ಹಿಂದಿನಿಂದ ಬಂದು ನನ್ನ ಕೈಗಳ ಮೇಲೆ ಕೈಯಿಟ್ಟು ತಿರುವಿದರು. ಗಂಟಿಲ್ಲದ ಮುದ್ದೆಯಾಯಿತು. ಹೇಳಬೇಕಾದ ಮಾತು ಮಾತ್ರ ಗಂಟಾಗಿಯೇ ಉಳಿಯಿತು.

ಫೆಬ್ರವರಿ 11, ಮಂಗಳವಾರ

ಅತ್ತೆಯವರ ಮಂಡಿನೋವು ಹೆಚ್ಚಾಗಿದೆ. ವಯಸ್ಸಿನದೋ, ಮೂಳೆಗೂ ಇಳಿಯುವ ಆ ಫ್ಲೋರೈಡ್ ನೀರಿನದೋ ನಾನು ಹೇಳಲಾರೆ, ಡಾಕ್ಟರೇ ಹೇಳಬೇಕು. ಹಾಸನಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. "ನಿನ್ ಬಾಟ್ಲಿ ಕೆಲ್ಸ ಮುಗೀಲಿ" ಎಂದರು. ನನ್ನ ಕೆಲಸಕ್ಕೆ ಅವರ ಮನೆಯಲ್ಲಿ ಒಂದು ಹೆಸರು ಸಿಕ್ಕಿದೆ. ಬಾಟ್ಲಿ ಕೆಲ್ಸ. ನಾಲ್ಕು ಜನರ ಮುಂದೆ ಜೋರಾಗಿ ಹೇಳುವ ಹೆಸರಲ್ಲ.

ಎಣ್ಣೆ ಬಿಸಿ ಮಾಡಿ ಮಂಡಿಗೆ ತಿಕ್ಕಿದೆ. ತಿಕ್ಕುವಾಗ ಅನ್ನಿಸಿದ್ದು: ಬೇಲೂರು, ಹಳೇಬೀಡಿನ ದೇವಸ್ಥಾನಗಳದು ಬಳಪದ ಕಲ್ಲು, ಮೆತ್ತನೆಯದು. ಅದು ಇಷ್ಟು ಶತಮಾನ ಅಲುಗದೆ ನಿಂತಿದೆ. ಅರಸೀಕೆರೆ ಕಡೆಯ ಬಂಡೆ ಸುತ್ತಿಗೆ ಮುರಿಯುವಷ್ಟು ಗಟ್ಟಿ. ಒಳಗೊಳಗೇ ಕರಗುತ್ತಿರುವುದು ಅದೇ. ಅತ್ತೆ ಅರಸೀಕೆರೆ ಕಡೆಯವರು.

ಫೆಬ್ರವರಿ 13, ಗುರುವಾರ

ಹೇಳಿದೆ.

ಮಧ್ಯಾಹ್ನ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆವು. ಸುತ್ತಿ ಬಳಸದೆ ಹೇಳಿದೆ. ಬಾಟಲಿಯಲ್ಲಿದ್ದದ್ದು ಫಿಲ್ಟರ್ ನೀರು, ಬಾವಿಯಲ್ಲಿ ಫ್ಲೋರೈಡ್ ಬಹಳ ಇದೆ, ಅದು ಮಕ್ಕಳ ಹಲ್ಲು ಕೆಡಿಸುತ್ತದೆ, ಚೈತನ್ಯ ಅದನ್ನೇ ಕುಡಿಯುತ್ತಿದ್ದಾಳೆ, ಮಾವ ನಿಮ್ಮ ಮಾತು ಬಿಟ್ಟು ಯಾರ ಮಾತನ್ನೂ ಕೇಳುವುದಿಲ್ಲ. ಕ್ಯಾನಿನ ವಿಷಯವನ್ನು ಕೊನೆಗೆ, ಆದಷ್ಟು ಸಣ್ಣ ದನಿಯಲ್ಲಿ.

ಅತ್ತೆಯವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳು ಸಿಪ್ಪೆಯ ರಾಶಿಗೂ ಸಿಪ್ಪೆ ಕಾಳಿನ ತಟ್ಟೆಗೂ ಬೀಳುತ್ತಿದ್ದವು.

"ಹಲ್ಲಿಂದು ನಂಗ್ ಗೊತ್ತು ಕಣೇ," ಎಂದರು. "ನಿಮ್ ಮಾವನೋರು ನನ್ನ ನೋಡಾಕ್ ಬಂದಾಗ ಬಾಯ್ ಬಿಡ್ಬ್ಯಾಡ ಅಂತ ನಮ್ಮವ್ವ ಹೇಳಿದ್ಲು. ಊರಲ್ಲಿ ಎಲ್ಲಾ ಹೆಣ್ಮಕ್ಕಳ್ಗೂ ಹಂಗೇ ಹೇಳೋರು. ನೀರ್ದು ಅಂತ ಯಾರ್ಗ್ ಗೊತ್ತಿತ್ತು? ಅದಿರ್ಲಿ. ಫಿಲ್ಟರ್ ಮನೆ ಆಗಿ ಎಷ್ಟ್ ವರ್ಷ ಆಯ್ತು?"

"ಏಳೆಂಟು ವರ್ಷ ಇರಬಹುದು."

"ಏಳೆಂಟ್ ವರ್ಷದಿಂದ ನಾನು ಆ ಮನೆಗೆ ನೆಂಟ್ರವ್ಳು."

"ಮರ್ಯಾದೆಗೆ ಅಂತ ಮಾಡಿದ್ದು ಅತ್ತೆ, ಬೇರೆ ಏನೂ ಅಲ್ಲ."

"ಮರ್ವಾದೆ ಯಾರ್ಗ್ ಕೊಡ್ತಾರೆ? ಹೊರಗ್ನೋರ್ಗೆ."

ಎದ್ದು ಒಳಗೆ ಹೋದರು. ತಟ್ಟೆಯಲ್ಲಿ ಕಾಳು, ಸಿಪ್ಪೆ ಎರಡೂ ಬೆರೆತಿದ್ದವು. ಕತ್ತಲಾಗುವವರೆಗೆ ಒಬ್ಬಳೇ ಆರಿಸಿದೆ. ತಮಾಷೆಗೆ ಒಂದು ಸಾಲೂ ಹೊಳೆಯುತ್ತಿಲ್ಲ.

ಫೆಬ್ರವರಿ 15, ಶನಿವಾರ

ಅತ್ತೆ ಕ್ಯಾನು ಮುಟ್ಟಿಲ್ಲ. ನಲ್ಲಿ ನೀರು ಕುಡಿಯುತ್ತಿದ್ದಾರೆ. ಮಾತಿಲ್ಲ. ಅನ್ನ ಇಂದೂ ತಳ ಹಿಡಿಯಿತು. ಯಾರೂ ಬೈಯಲಿಲ್ಲ. ಬೈಯಬಾರದೇ ಎಂದು ಒಂದು ಸಲ ಅನ್ನಿಸಿತು.

ಫೆಬ್ರವರಿ 16, ಭಾನುವಾರ

ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದೆ ಕುಕ್ಕಿ, "ಮಂಗ್ಳವಾರ ಹಾರುಗಲ್ಲಹಳ್ಳಿಗೆ ಹೋಗಾನ. ಎಷ್ಟೊತ್ತಿಗೈತೆ ಬಸ್ಸು?" ಎಂದರು. ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ಹಾಕುವುದನ್ನು ಮರೆತಿದ್ದರು. ಹಾಗೇ ಕುಡಿದೆ.

ಫೆಬ್ರವರಿ 18, ಮಂಗಳವಾರ

ಹಳೇಬೀಡು ದಾಟುವವರೆಗೂ ಅತ್ತೆ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದರು. ಜಾವಗಲ್ಲಿನ ಹತ್ತಿರ ಬಂಡೆಗಳ ಸಾಲು ಶುರುವಾದಾಗ, "ಇವೇನಾ ನೀನು ಹೇಳೋ ಕಲ್ಲು?" ಎಂದರು. ಹೌದೆಂದೆ. "ನೋಡಾಕೆ ಸಾಧು ಥರ ಕುಂತವೆ" ಎಂದರು.

ಅಂಕಮ್ಮತ್ತೆ ಚಾಪೆ ಹಾಸಿದರು. ಹಿತ್ತಾಳೆ ಚೊಂಬು ಬಂತು, ಬೆಲ್ಲ ಬಂತು. ಅತ್ತೆ ಚಾಪೆಯ ಮೇಲೆ ಕೂರಲಿಲ್ಲ. ಮಂಡಿ ಹಿಡಿದುಕೊಂಡು ಹೊಸಿಲು ದಾಟಿ ಸೀದಾ ಅಡುಗೆಮನೆಗೆ ನಡೆದರು. ಅಂಕಮ್ಮತ್ತೆ "ಅತ್ಗೆ, ಅತ್ಗೆ" ಎನ್ನುತ್ತ ಹಿಂದೆ ಓಡಿದರು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅತ್ತೆ ಹರವಿಯ ಮುಚ್ಚಳ ತೆಗೆದು, ಲೋಟ ಮುಳುಗಿಸಿ, ಎತ್ತಿ ಕುಡಿದರು. ತಡೆಯಬೇಕೆಂದು ಕೈ ಎತ್ತಿದವಳು ಇಳಿಸಿದೆ. ಒಂದು ಗುಟುಕು ಅವರ ಹಕ್ಕು.

ಎರಡನೆಯ ಗುಟುಕಿಗೆ ಮುಖ ಹುಳ್ಳಗಾಯಿತು.

"ಥೂ! ಏನ್ಲಾ ಚನ್ನ ಇದು, ಸೋಡಾ ಪುಡಿ ಕಲ್ಸಿದಂಗೈತೆ?"

ಚನ್ನಪ್ಪ ಮಾವ ಬಾಗಿಲಲ್ಲಿ ನಿಂತಿದ್ದರು. "ನಮ್ ಬಾವಿ ನೀರೇ ಕಣಕ್ಕ. ಮೊದ್ಲಿಂದ್ಲೂ ಹಿಂಗೇ ಇತ್ತು. ನಿನ್ ನಾಲ್ಗೆ ಫಿಲ್ಟರ್‌ಗೆ ಒಗ್ಗೋಗೈತೆ!"

ಅತ್ತೆ ಲೋಟದೊಳಗೆ ಒಂದು ಸಲ ಇಣುಕಿದರು. ಆಮೇಲೆ ಅತ್ತೆ ನಕ್ಕರು. ಬಾಯಿ ತುಂಬ ನಕ್ಕರು. ಏಳೆಂಟು ವರ್ಷ ಬೇಲೂರಿನ ಬೀದಿಗೆಲ್ಲ ಹೊಗಳಿದ್ದು ಯಂತ್ರದ ನೀರನ್ನು, ತವರಿನ ನೀರು ಬಾಯಿಗೆ ಬಿದ್ದರೆ ಥೂ! ಅಂಕಮ್ಮತ್ತೆಯೂ ನಕ್ಕರು, ನಕ್ಕವರೇ ಅಳಲು ಶುರುಮಾಡಿದರು. "ತಪ್ಪಾಯ್ತು ಅತ್ಗೆ, ನಿಮ್ಮನ್ನ ಹೊರಗ್ನೋರು ಅಂತಲ್ಲ..." ಅತ್ತೆ ಅವರ ತಲೆಗೆ ಮೆಲ್ಲಗೆ ಮೊಟಕಿದರು. "ಸುಮ್ನಿರೇ. ನನ್ ಮಂಡಿ ನೋಯ್ತಾ ಐತೆ, ಮಣೆ ಹಾಕು. ಜಗ್ಲೀಲಲ್ಲ, ಇಲ್ಲೇ."

ಮಣೆಯ ಮೇಲೆ ಕುಳಿತು ತಮ್ಮನನ್ನು ಎದುರಿಗೆ ಕೂರಿಸಿಕೊಂಡರು. ಸೆರಗು ಸರಿಸಿ, ತುಟಿಯನ್ನು ಬೆರಳಿನಲ್ಲಿ ಎತ್ತಿ ಹಿಡಿದರು.

"ನೋಡ್ಲಾ ಇಲ್ಲಿ. ಇದು ಅಪ್ಪನ ಬಾವಿ ಕೊಟ್ಟಿದ್ದು."

"ಅಪ್ಪನ್ನ ಬೈಬ್ಯಾಡ ಅಕ್ಕ."

"ಅಪ್ಪನ್ ಯಾಕ್ ಬೈಲಿ? ಕುಡಿಯಾಕ್ ನೀರಿಲ್ದೆ ಇದ್ದಾಗ ಬೆಳ್ಳು ಕಳ್ಕಂಡು ನೀರ್ ಕೊಟ್ಟ. ಬಂಡೆ ಒಳಗೇನೈತೆ ಅಂತ ಅವ್ನ್ ಕಂಡಿದ್ನಾ? ಕಂಡಿದ್ರೆ ನನಗ್ ಕುಡಿಸ್ತಿದ್ನಾ? ಈಗ ನಮಗ್ ಗೊತ್ತಾಯ್ತಲ್ಲ, ಈ ಮಗೂಗೆ ನಾವ್ ಕುಡ್ಸಾದಾ? ನಾಳೆ ಇವಳ್ನ ನೋಡಾಕ್ ಬಂದಾಗ ಬಾಯ್ ಮುಚ್ಕಂಡ್ ಕೂರು ಅಂತ ನೀನ್ ಹೇಳ್ತೀಯಾ?"

ಚೈತನ್ಯ ಅಜ್ಜಿಯ ಹಲ್ಲನ್ನು ಹತ್ತಿರ ಬಂದು, ತಲೆ ಓರೆ ಮಾಡಿ ನೋಡುತ್ತಿದ್ದಳು.

"ಇವತ್ತಿಂದ ಈ ಮನೇಲಿ ಎಲ್ಲಾರೂ ನೆಂಟ್ರೇ," ಎಂದರು ಅತ್ತೆ. "ಎಲ್ಲಾರ್ಗೂ ಫಿಲ್ಟರ್ ನೀರೇ. ಅಡ್ಗೆಗೂ ಅದೇ. ಬಾವಿ ತೆಂಗಿಗಿರ್ಲಿ, ಬಟ್ಟೆಗಿರ್ಲಿ. ಅದ್ರ ಪೂಜೆ ನಿಲ್ಲಿಸ್ಬ್ಯಾಡಿ."

ಚನ್ನಪ್ಪ ಮಾವ ಎದ್ದರು. ಹರವಿಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ತೆಂಗಿನ ಬುಡಕ್ಕೆ ಮೆಲ್ಲಗೆ, ಒಂದು ಹನಿಯೂ ಸಿಡಿಯದಂತೆ ಸುರಿದರು. ಬೋರಲು ಹಾಕಿದ ಹರವಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಯಾರೂ ಕರೆಯಲಿಲ್ಲ. ನಾನು ಮಾಪಕವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಫೆಬ್ರವರಿ 20, ಗುರುವಾರ. ಬೇಲೂರು

ಇಂದು ಮಾದರಿಗಳ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಬಗ್ಗಿದರು. ಕೆಂಪು ಚುಕ್ಕಿ ಎಂದರೆ ಕುಡಿಯಬಾರದ ನೀರು, ಹಸಿರು ಎಂದರೆ ಕುಡಿಯಬಹುದು ಎಂದೆ. ಹಾರುಗಲ್ಲಹಳ್ಳಿಯ ಕೆಂಪು ಚುಕ್ಕಿಯನ್ನು ತಾವೇ ಹುಡುಕಿ ಬೆರಳಿಟ್ಟರು. ಬೆರಳು ಹಾಗೇ ಜಾರುತ್ತ ಹಳೇಬೀಡು, ಬೇಲೂರು ದಾಟಿ ಹಾಸನದ ರಸ್ತೆ ಹಿಡಿದು ಒಂದು ಕಡೆ ನಿಂತಿತು.

"ಇದು ಹಗರೆ ಅಲ್ವಾ? ನಿಮ್ಮೂರು?"

"ಹೌದು."

"ಸುತ್ತಮುತ್ತ ಎಲ್ಲಾ ಚುಕ್ಕಿ ಐತೆ. ಇಲ್ಲಿ ಯಾಕಿಲ್ಲ?"

"ಅದು... ನಮ್ಮೂರ ನೀರು ಚೆನ್ನಾಗೇ ಇದೆ ಅತ್ತೆ. ನಾನು ಚಿಕ್ಕಂದಿನಿಂದ ಕುಡಿದಿದ್ದೇನಲ್ಲ."

ಅತ್ತೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅಮ್ಮನ ಮನೆಯ ಹಿಂದೆ ಒಂದು ಬೋರಿದೆ. ನಾನು ಕಾಲೇಜಿಗೆ ಸೇರಿದ ವರ್ಷ ಕೊರೆಸಿದ್ದು, ಚಿಕ್ಕಂದಿನಲ್ಲಿ ಕುಡಿದದ್ದು ಬೇರೆ ನೀರು. ನೀರು ಚಿಮ್ಮಿದಾಗ ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ಊರೂರು ಅಲೆದು ಕಂಡವರ ಬಾವಿಗೆಲ್ಲ ಬಾಟಲಿ ಇಳಿಸಿದವಳು, ಆ ನಲ್ಲಿಯ ಕೆಳಗೆ ಮಾತ್ರ ಒಂದನ್ನೂ ಹಿಡಿದಿಲ್ಲ. ದಾರಿಯಲ್ಲೇ ಇದೆ, ಯಾವಾಗ ಬೇಕಾದರೂ ಆಗುತ್ತದೆ ಎಂದುಕೊಳ್ಳುತ್ತಿದ್ದೆ.

ಬಚ್ಚಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ಹೊಸ ಬಾಟಲಿಯೊಂದನ್ನು ತೊಳೆದು ಬೋರಲಿಡುತ್ತಿದ್ದರು.

"ನಾಳೆ ಬೆಳಿಗ್ಗೆ ಹಗರೆ. ನಾನೂ ಬತ್ತೀನಿ," ಎಂದರು.

"ಅತ್ತೆ, ಒಂದು ವೇಳೆ ಅಲ್ಲೂ..."

"ಏನೇ ಬರ್ಲಿ. ನಿಮ್ಮವ್ವನ್ ಹತ್ರ ಕೂತ್ಕಂಡ್ ಹೇಳಾಕೆ ನಾನಿದ್ದೀನಿ. ಅದು ನಿನ್ ಕೈಲಾಗಲ್ಲ." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ನೀನು ಬರೀ ನೀರ್ ತುಂಬು."